ವಸ್ತುಸಂಗ್ರಹಾಲಯದಲ್ಲಿ ಹೆಣ್ಣು ನೋಡುವ ಶಾಸ್ತ್ರ

ಶ್ರಾವಣದ ಮೊದಲ ಭಾನುವಾರದ ಆ ಬೆಳಗು... ಮಳೆ ಸುರಿಯಲೂ ಇಲ್ಲ, ಬಿಸಿಲು ಬೀಳಲೂ ಇಲ್ಲ! ಮೂಸಿ ನದಿಯ ಮೇಲೆ ಧೂಮ್ರವರ್ಣದ ಮೋಡಗಳು ಒಂದರ ಬೆನ್ನಿಗೊಂದು ಬಂದು ನಿಂತು, ಮುಂದೆ ಹೋಗುವ ಮನಸ್ಸಿಲ್ಲದೆ, ಇಳಿದು ಬರುವ ಧೈರ್ಯವೂ ಇಲ್ಲದೆ, ನಯಾಪುಲ್ ಸೇತುವೆಯ ಹಳೆಯ ಕಮಾನುಗಳ ಮೇಲೆ ಮ್ಲಾನವಾದೊಂದು ಬೆಳಕನ್ನು ಚೆಲ್ಲಿದ್ದವು. ಆಚೆ ದಂಡೆಯ ಆಸ್ಪತ್ರೆಯ ಗುಮ್ಮಟಗಳು, ಈಚೆ ದಂಡೆಯ ನ್ಯಾಯಾಲಯದ ಕೆಂಗಲ್ಲಿನ ಶಿಖರಗಳು, ನಡುವೆ ಮಂದಗಮನೆಯಾದ ಆ ಕೆಸರುನೀರಿನ ನದಿ, ಎಲ್ಲವೂ ಯಾವುದೋ ಸುದ್ದಿಗಾಗಿ ಉಸಿರು ಬಿಗಿಹಿಡಿದಂತೆ ತೋರುತ್ತಿದ್ದವು. ಗಾಳಿಯಲ್ಲಿ ಹಸಿಮಣ್ಣಿನ ಪರಿಮಳ, ಅಫ್ಜಲ್‌ಗಂಜಿನ ಬಸ್ಸುಗಳ ಹೊಗೆ, ಇರಾನಿ ಚಹಾದ ಕಂಪು, ಮೂರೂ ಬೆರೆತು ಹೋಗಿದ್ದವು. ರಸ್ತೆಬದಿಯ ವ್ಯಾಪಾರಿಗಳು ತಮ್ಮ ಸರಕಿನ ಮೇಲೆ ನೀಲಿ ತಾಡಪತ್ರಿಯನ್ನು ಒಮ್ಮೆ ಹೊದಿಸುತ್ತಿದ್ದರು, ಮತ್ತೊಮ್ಮೆ ತೆಗೆಯುತ್ತಿದ್ದರು.

ಇಂಥ ಆಕಾಶದ ಕೆಳಗೆ ನಿಂತು ಮೇಘಮಾಲೆಯ ಸೊಬಗನ್ನೇ ಇನ್ನಷ್ಟು ಬಣ್ಣಿಸುತ್ತಾ ಹೋಗಬಹುದಿತ್ತು. ಆದರೆ ಸಹೃದಯರೆ, ಅದೇ ಹೊತ್ತಿಗೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಒಳಗೆ, ಸಂಗೀತ ಗಡಿಯಾರದ ಎದುರಿನ ಬೆಂಚಿನ ಮೇಲೆ, ಒಬ್ಬ ಮಗ ತನ್ನ ತಾಯಿಯ ಮುಖವನ್ನೂ ಗಡಿಯಾರದ ಮುಖವನ್ನೂ ಸರದಿಯಂತೆ ನೋಡುತ್ತಾ ಬೆವರುತ್ತಿದ್ದಾನೆ. ಮೊದಲು ಅವನನ್ನು ವಿಚಾರಿಸಿಕೊಳ್ಳೋಣ.

ಅವನ ಹೆಸರು ಹೇಮಂತ. ನಲವತ್ತು ದಾಟಿದವನು, ರೈಲ್ವೆ ಇಲಾಖೆಯವನು, ಮಲ್ಕಾಜ್‌ಗಿರಿಯಲ್ಲಿ ತಾಯಿಯೊಡನೆ ವಾಸ. ಪಕ್ಕದಲ್ಲಿ ಕುಳಿತವರು ಆ ತಾಯಿ, ಸುಂದರಾಬಾಯಿ. ಇಬ್ಬರೂ ಆ ದಿನ ಅಲ್ಲಿಗೆ ಬಂದದ್ದು ಹೆಣ್ಣು ನೋಡಲಿಕ್ಕೆ. ವಸ್ತುಸಂಗ್ರಹಾಲಯದಲ್ಲಿ ಹೆಣ್ಣು ನೋಡುವುದೇ ಎಂದು ನಗಬೇಡಿ! ನಿಜಾಮರ ಕಾಲಕ್ಕೆ ಸರಕಾರಿ ಚಾಕರಿಗೆಂದು ಕಲಬುರಗಿ, ಬೀದರಗಳಿಂದ ಬಂದು ಇಲ್ಲಿಯವರೇ ಆಗಿಹೋದ ಇಂಥ ಮನೆತನಗಳಲ್ಲಿ, ಉಪ್ಪಿಟ್ಟು ಚಹಾದ ಶಾಸ್ತ್ರಕ್ಕೆ ಮುಂಚೆ, ಹುಡುಗಿಯನ್ನು 'ಹೊರಗಿಂದ ಹೊರಗೇ' ನೋಡಿಬರುವ ವಾಡಿಕೆಯೊಂದಿತ್ತು. ಹಿರಿಯರು ಎಲ್ಲೋ ಆಕಸ್ಮಿಕವಾಗಿ ಎದುರಾದಂತೆ ಎದುರಾಗುತ್ತಾರೆ, ಎರಡು ಮಾತಾಡುತ್ತಾರೆ, ಹೊರಟುಬಿಡುತ್ತಾರೆ. ಒಪ್ಪಿಗೆಯಾದರೆ ಫೋನು ಬರುತ್ತದೆ, ಇಲ್ಲವಾದರೆ ಬರುವುದಿಲ್ಲ. ಒಲ್ಲೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಯಾರ ಮುಖವೂ ಸಣ್ಣದಾಗಬೇಕಾಗಿಲ್ಲ. ಈ ನಾಟಕಕ್ಕೆ ವಸ್ತುಸಂಗ್ರಹಾಲಯಕ್ಕಿಂತ ಪ್ರಶಸ್ತವಾದ ರಂಗಭೂಮಿ ಇನ್ನೊಂದುಂಟೆ? ಅಲ್ಲಿ ಎಲ್ಲರೂ ನೋಡಲಿಕ್ಕೇ ಬಂದವರು. ನೀವು ಏನನ್ನು ನೋಡುತ್ತಿದ್ದೀರೆಂದು ಕೇಳುವವರಿಲ್ಲ. ದಂತದ ಕುರ್ಚಿಯ ನೆಪದಲ್ಲಿ ಹುಡುಗಿಯ ನಡಿಗೆಯನ್ನೂ, ಚೀನಾದ ಪಿಂಗಾಣಿಯ ನೆಪದಲ್ಲಿ ಅವಳ ಮೈಬಣ್ಣವನ್ನೂ ಅಳೆದುಕೊಂಡು ಹೋದ ಸೋದರತ್ತೆಯರು ಎಷ್ಟು ಜನವೋ!

ಆದರೆ ಹೇಮಂತನಿಗೆ ಹುಡುಗಿ ಹೊಸಬಳಲ್ಲ. ಅವಳು ಶರ್ವರಿ. ಮಾದಾಪುರದ ಒಂದು ಕಚೇರಿಯಲ್ಲಿ ಕೆಲಸ, ಮಿಯಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಸಣ್ಣ ಮನೆಯಲ್ಲಿ ಒಂಟಿವಾಸ, ವಯಸ್ಸು ಮೂವತ್ತೇಳರ ಆಸುಪಾಸು. ಇಬ್ಬರ ಪ್ರಥಮ ದರ್ಶನವಾದದ್ದು ಪಬ್ಲಿಕ್ ಗಾರ್ಡನ್ಸ್‌ನ ಮ್ಯೂಸಿಯಮ್ಮಿನಲ್ಲಿ, ಈಜಿಪ್ಟಿನ ಮಮ್ಮಿಯ ಗಾಜುಪೆಟ್ಟಿಗೆಯ ಆಚೆ ಈಚೆ. ಎಂಥ ಶೃಂಗಾರಮಯ ಸನ್ನಿವೇಶ! ಹೇಮಂತ ಅಲ್ಲಿಯ ಫಲಕವನ್ನು ಓದಿ ತನಗೆ ತಾನೇ ಕನ್ನಡದಲ್ಲಿ ಏನನ್ನೋ ಗೊಣಗಿದ. ಆಚೆ ನಿಂತವಳು ಕಿಸಕ್ಕೆಂದು ನಕ್ಕಳು. ಮನೆಯ ಹೊಸ್ತಿಲು ದಾಟಿದರೆ ತೆಲುಗು, ಹಿಂದಿಗಳೇ ನಾಲಿಗೆಯ ಮೇಲೆ ಕುಣಿಯುವ ಈ ಊರಿನಲ್ಲಿ, ಅಪರಿಚಿತನ ಗೊಣಗಾಟವು ಅರ್ಥವಾದ ಸುಖಕ್ಕೇ ಆ ನಗು ಬಂದಿತ್ತು. ಅಲ್ಲಿಂದ ಒಂದು ವರ್ಷ, ಭಾನುವಾರದ ಬೆಳಗು ಬಂತೆಂದರೆ ಇಬ್ಬರೂ ಚೌಮಹಲ್ಲಾ ಅರಮನೆಯ ದೀಪಗುಚ್ಛಗಳ ಕೆಳಗೋ, ಪುರಾನಿ ಹವೇಲಿಯಲ್ಲಿರುವ ನಿಜಾಮರ ಮುಗಿಯದ ಉಡುಪಿನ ಕಪಾಟುಗಳ ನಡುವೆಯೋ ಇರುತ್ತಿದ್ದರು. ಪಾರ್ಕಿನ ಬೆಂಚು ತಮ್ಮ ವಯಸ್ಸಿಗೆ ಒಪ್ಪದೆಂದು ಇಬ್ಬರಿಗೂ ಅನ್ನಿಸಿತ್ತು. ಪುರಾತನ ವಸ್ತುಗಳ ನಡುವೆ ತಾವೇ ಅತ್ಯಂತ ಎಳೆಯರಾಗಿ ಕಾಣುತ್ತಿದ್ದರು. ಅವಳ ಮಾತಿಗಾಗಿ ಅವನು ವಾರವಿಡೀ ಕಾಯುತ್ತಿದ್ದ. ಅವಳೂ ಕಾಯುತ್ತಿದ್ದಳು, ಆದರೆ ಒಪ್ಪಿಕೊಳ್ಳುತ್ತಿರಲಿಲ್ಲ.

ಒಂದೇ ಒಂದು ವಿಚಿತ್ರ: ಮಧ್ಯಾಹ್ನ ಹತ್ತಿರವಾದೊಡನೆ ಹೇಮಂತ ಚಡಪಡಿಸುತ್ತಿದ್ದ, ಅರ್ಧ ಮಾತನ್ನು ಅಲ್ಲೇ ಬಿಟ್ಟು ಹೊರಟುಬಿಡುತ್ತಿದ್ದ. ಮನೆಯಲ್ಲಿ ತಾಯಿ ಒಬ್ಬರೇ ಇದ್ದಾರೆ ಎನ್ನುತ್ತಿದ್ದ, ಅಷ್ಟೆ. ಮನೆಗೆ ಕರೆದವನಲ್ಲ. ತಾಯಿಯ ಫೋಟೋ ತೋರಿಸಿದ್ದು ಒಂದೇ, ಅದೂ ನಿವೃತ್ತಿಯ ಸಮಾರಂಭದ್ದು. ಮಾಲೆ ಹಾಕಿಕೊಂಡ, ತುಂಬಿದ ಕೆನ್ನೆಯ, ಅಧಿಕಾರದ ನಗೆಯ ಹೆಂಗಸು. ಇವರಿಗೆ ನಾನು ಹಿಡಿಸಲಿಕ್ಕಿಲ್ಲ, ಅದಕ್ಕೇ ಇವನು ಅಂಜುತ್ತಿದ್ದಾನೆ ಎಂದು ಶರ್ವರಿ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿಕೊಂಡಿದ್ದಳು.

ಸತ್ಯ ಬೇರೆಯೇ ಇತ್ತು... ಸುಂದರಾಬಾಯಿಗೆ ಮರೆವಿನ ರೋಗ ಹತ್ತಿತ್ತು. ಕಂದಾಯ ಕಚೇರಿಯಲ್ಲಿ ರೈತರೊಡನೆ ತೆಲುಗು, ಸಾಹೇಬರೊಡನೆ ಉರ್ದು, ಮನೆಯಲ್ಲಿ ಕನ್ನಡ, ಹೀಗೆ ಮೂರು ಭಾಷೆಗಳನ್ನು ಸಲೀಸಾಗಿ ಆಡಿಕೊಂಡು ಬಾಳಿದ ಆ ತಾಯಿಯ ಬಾಯಿಂದ ಮೊದಲು ಉರ್ದು ಹೋಯಿತು, ಆಮೇಲೆ ತೆಲುಗು ಹೋಯಿತು. ಈಗ ಹಾಲಿನವನಿಗೂ ಕನ್ನಡ, ಬಾಗಿಲಿಗೆ ಬಂದ ಪೋಸ್ಟಿನವನಿಗೂ ಕನ್ನಡ. ಬೆಳಗಿನ ಹೊತ್ತು ಮೊದಲಿನಂತೆಯೇ ಇರುತ್ತಿದ್ದರು. ಹಾಸ್ಯ ಮಾಡುವರು, ಮಗನನ್ನು ಬೈಯುವರು. ಸೂರ್ಯ ನೆತ್ತಿಗೆ ಬಂದಂತೆಲ್ಲಾ ಮನಸ್ಸಿನ ಮೇಲೆ ಮಬ್ಬು ಇಳಿಯುತ್ತಿತ್ತು. ಕೇಳಿದ್ದನ್ನೇ ಕೇಳುವರು, ದಾರಿ ತಪ್ಪುವರು, ತೀರಿಹೋದ ಪತಿ ದತ್ತಾತ್ರೇಯರಿಗೆ ಊಟಕ್ಕೆ ಎಲೆ ಹಾಕಿರೆಂದು ಹೇಳುವರು. ಈ ಮನೆಗೆ ಬರುವವಳು ಈ ಮಧ್ಯಾಹ್ನಗಳಿಗೂ ಬರಬೇಕು. ಅದನ್ನು ಕೇಳಿದರೆ ಶರ್ವರಿ ಹೊರಟುಹೋಗುತ್ತಾಳೆ ಎಂಬ ಭಯದಲ್ಲೇ ಹೇಮಂತ ವರ್ಷವಿಡೀ ಕಳೆದಿದ್ದ. ಅದಕ್ಕೇ ಈ ಉಪಾಯ: ಬೆಳಗಿನ ಒಳ್ಳೆಯ ಹೊತ್ತಿನಲ್ಲಿ ತಾಯಿಯನ್ನು ಕೂರಿಸುವುದು, ಅರ್ಧ ಗಳಿಗೆ ಭೇಟಿ ಮಾಡಿಸುವುದು, ಉಳಿದದ್ದನ್ನು ಮುಂದೆ ಎಂದಾದರೂ ಹೇಳುವುದು. ಇದನ್ನು ಮೋಸವೆನ್ನುವಿರೋ? ಎನ್ನಿ. ಪ್ರೀತಿಸಿದವನ ಪುಕ್ಕಲುತನವೆಂದರೂ ತಪ್ಪಾಗದು.

ಹನ್ನೊಂದರೊಳಗೆ ಬಾ ಎಂದು ಅವನು ಮತ್ತೆ ಮತ್ತೆ ಹೇಳಿದ್ದ. ಶರ್ವರಿ ಹೊತ್ತಿಗೆ ಸರಿಯಾಗಿಯೇ ಹೊರಟಿದ್ದಳು. ಮಿಯಾಪುರದ ಮೆಟ್ರೊ ನಿಲ್ದಾಣದ ತನಕ ಬಂದೂ ಇದ್ದಳು. ಅಲ್ಲಿಯ ಗಾಜಿನ ಗೋಡೆಯಲ್ಲಿ ತನ್ನ ತಿಳಿಹಳದಿ ಸೀರೆಯನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಇದೇ ಬಣ್ಣದ ಸೀರೆಯುಟ್ಟು ಕೂತಿದ್ದ ದಿನವಲ್ಲವೇ, ಹಿಂದೊಮ್ಮೆ ನೋಡಲು ಬಂದವರು ತಿಂಡಿ ತಿಂದು ಹೋಗಿ ಫೋನೇ ಮಾಡದೆ ಉಳಿದದ್ದು? ಹೀಗೆ ಎಷ್ಟು ಮೌನಗಳನ್ನು ಅವಳು ನುಂಗಿದ್ದಳು! ತಿರುಗಿ ಮನೆಗೆ ಹೋದಳು, ಅಂಜೂರಿ ಬಣ್ಣದ ಇಳಕಲ್ ಉಟ್ಟಳು, ಮತ್ತೆ ಓಡಿದಳು. ಹುಚ್ಚು ಹುಡುಗಿ! ಒಂದು ಸೀರೆಯ ಬಣ್ಣಕ್ಕಾಗಿ ಅವಳು ಕಳೆದ ಹೊತ್ತು ಯಾರ ಹೊತ್ತಾಗಿತ್ತೆಂದು ಅವಳಿಗೇನು ಗೊತ್ತು.

ಇತ್ತ ಗಡಿಯಾರದ ಮುಂದೆ ಜನ ತುಂಬತೊಡಗಿದರು. ಹನ್ನೆರಡಕ್ಕೆ ಆ ಪುಟ್ಟ ಗೊಂಬೆ ಹೊರಬಂದು ಗಂಟೆ ಬಾರಿಸುವುದನ್ನು ನೋಡಲು ಭಾನುವಾರ ಜಾತ್ರೆಯಷ್ಟು ಮಂದಿ. ಸುಂದರಾಬಾಯಿ ಅಷ್ಟು ಹೊತ್ತು ಲಕ್ಷಣವಾಗಿ ಕುಳಿತಿದ್ದವರು, ಹುಡುಗಿ ಎಲ್ಲಿ ಎಂದು ಕೇಳಿದರು. ಸ್ವಲ್ಪ ಬಿಟ್ಟು ಅದನ್ನೇ ಕೇಳಿದರು. ಇನ್ನೂ ಸ್ವಲ್ಪ ಬಿಟ್ಟು, ನಾವು ಇಲ್ಲಿಗೆ ಯಾಕೆ ಬಂದೆವು ಎಂದು ಕೇಳಿದರು. ಫೋನು ಮಾಡಿದರೆ ಶರ್ವರಿ ಎತ್ತಲಿಲ್ಲ. ಹೊರಬಾಗಿಲಿಗೆ ಹೋಗಿ ಒಮ್ಮೆ ನೋಡಿ ಬರುತ್ತೇನೆ, ಇಲ್ಲಿಂದ ಏಳಬೇಡ ಎಂದು ತಾಯಿಗೆ ಕೈಮುಗಿಯುವಂತೆ ಹೇಳಿ ಅವನು ಜನರನ್ನು ಸೀಳಿಕೊಂಡು ಹೋದ. ಗೊಂಬೆ ಹೊರಬಂದು ಗಂಟೆ ಬಾರಿಸಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಜನಸ್ತೋಮ ಒಮ್ಮೆಲೇ ಎದ್ದು ನಾನಾ ಕಡೆ ಹರಿಯಿತು, ಸುಂದರಾಬಾಯಿಯೂ ಎದ್ದರು. ಅವನು ಮರಳಿ ಬಂದಾಗ ಬೆಂಚು ಖಾಲಿಯಿತ್ತು.

ಅಯ್ಯೋ, ಆ ಕಟ್ಟಡದ ಓಣಿಗಳು! ಒಂದು ಕೋಣೆಯಿಂದ ಇನ್ನೊಂದು, ಅದರಿಂದ ಮತ್ತೊಂದು. ಖಡ್ಗಗಳು, ಜೇಡ್ ಬಟ್ಟಲುಗಳು, ಬೆಲ್ಜಿಯಂ ಗಾಜು, ಯಾರದೋ ರಾಜಪೋಷಾಕು... ಒಂದು ವರ್ಷ ಇದೇ ವಸ್ತುಗಳ ಮುಂದೆ ನಿಂತು ಕಾಲ ನಿಲ್ಲಲಿ ಎಂದು ಬಯಸಿದ್ದ ಹೇಮಂತ, ಈಗ ಅವುಗಳ ನಡುವೆ ತಾಯಿಯನ್ನು ಅರಸುತ್ತಾ ಓಡಿದ. ಆಕೆಗೆ ಯಾರನ್ನು ಏನೆಂದು ಕೇಳಲೂ ಬಾರದು. ಬೀದಿಗೆ ಇಳಿದುಬಿಟ್ಟರೆ, ಎದುರಿಗೇ ವಾಹನಗಳ ಪ್ರವಾಹ, ಅದರಾಚೆ ನದಿ. ಕಾವಲುಗಾರರಿಗೆ ಗುರುತು ಹೇಳಿದ. ಬಿಳಿಕೂದಲು, ಹಸಿರು ಸೀರೆ ಎಂದ. ಅಂಥವರು ಬೇಕಾದಷ್ಟು ಬಂದಿದ್ದಾರಲ್ಲ ಎಂದರು ಅವರು.

ಅಷ್ಟರಲ್ಲಿ ಶರ್ವರಿ ಇನ್ನೊಂದು ಸಾಲಿನಿಂದ ಒಳಬಂದಿದ್ದಳು. ಅವಸರದಲ್ಲಿ ಚೀಲವನ್ನು ಬಾಗಿಲಲ್ಲಿ ಇಟ್ಟುಬರುವಾಗ ಫೋನೂ ಅದರಲ್ಲೇ ಉಳಿಯಿತು. ಏದುಸಿರಿನೊಡನೆ ಗಡಿಯಾರದ ಮುಂದೆ ಬಂದು ನಿಂತರೆ ಬೆಂಚಿನ ಮೇಲೆ ಯಾರಿದ್ದಾರೆ? ಒಂದು ಖಾಲಿ ನೀರಿನ ಬಾಟಲಿ. ಅವಳಿಗೆ ತಿಳಿದುಹೋಯಿತು, ಅಥವಾ ತಿಳಿಯಿತೆಂದು ಅಂದುಕೊಂಡಳು. ಅವರು ಬಂದರು, ಹೊತ್ತಿಗೆ ಬಾರದವಳನ್ನು ಒಲ್ಲೆ ಎಂದು ಹೋದರು; ಅಥವಾ ದೂರದಿಂದ ತನ್ನನ್ನು ನೋಡಿಯೇ ಹೋದರೋ? ಇನ್ನು ಫೋನು ಬರುವುದಿಲ್ಲ. ಅಳು ಒತ್ತರಿಸಿ ಬಂತು. ನಾಲ್ಕು ಜನರೆದುರು ಅಳಬಾರದೆಂದು ಅವಳು ಕಾಲು ಹೋದತ್ತ ನಡೆದಳು. ಮುಸುಕಿನ ಸುಂದರಿಯ ಅಮೃತಶಿಲೆಯ ಮೂರ್ತಿಯಿರುವ ಕೋಣೆಯಲ್ಲಿ, ಜನ ಮೊಬೈಲು ಎತ್ತಿ ಹಿಡಿದು ನಿಂತ ಕಡೆ, ಅವರ ಹಿಂದೆ ನಿಂತು ಕಣ್ಣೊರೆಸಿಕೊಂಡಳು.

ಆಗ ಕೇಳಿಸಿತು, ಮೂಲೆಯಿಂದ, ನಡುಗುವ ದನಿಯ ಕನ್ನಡ. ಹಸಿರು ಸೀರೆಯ ತೆಳ್ಳನೆಯ ಮುದುಕಿಯೊಬ್ಬರು ಕಾವಲುಗಾರನನ್ನು ಏನೋ ಕೇಳುತ್ತಿದ್ದರು. ಅವನು ತೆಲುಗಿನಲ್ಲಿ ವಿಚಾರಿಸಿದ, ಹಿಂದಿಯಲ್ಲಿ ವಿಚಾರಿಸಿದ. ಅವರು ಕನ್ನಡದಲ್ಲೇ ಉತ್ತರ ಕೊಟ್ಟರು, ಮತ್ತೆ ಕೊಟ್ಟರು, ಕೊನೆಗೆ ಗೋಡೆಗೆ ಆತು ಸುಮ್ಮನಾದರು. ಶರ್ವರಿ ತನ್ನ ದುಃಖವನ್ನು ಅಲ್ಲೇ ಬಿಟ್ಟು ಹತ್ತಿರ ಹೋದಳು, ಕೈಹಿಡಿದು ಪಕ್ಕದ ಬೆಂಚಿನ ಮೇಲೆ ಕೂರಿಸಿದಳು, ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದಳು.

"ನನ್ನ ಮಗನ್ನ ಹುಡುಕಾಕತ್ತೀನವಾ. ಹೇಮಂತ ಅಂತ. ಅವಗ ಹೆಣ್ಣು ನೋಡಾಕ ಬಂದೀವಿ."

ಶರ್ವರಿಯ ಕೈ ಅವರ ಕೈಯಲ್ಲಿ ಹಾಗೆಯೇ ಉಳಿಯಿತು. ಫೋಟೋದ ಆ ತುಂಬಿದ ಕೆನ್ನೆ, ಆ ಅಧಿಕಾರದ ನಗೆ... ಎಲ್ಲಿ ಹೋದವು? ನಾನೇ ಆ ಹುಡುಗಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಇನ್ನಷ್ಟು ಹತ್ತಿರ ಸರಿದು, ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು.

"ನನಗ ಭಾಳ ಮರವು ಆಗಾಕತ್ತೈತಿ ತಂಗಿ. ಅದು ನನಗ ಗೊತ್ತಿಲ್ಲಂತ ನನ್ನ ಮಗ ತಿಳಕೊಂಡಾನ. ನನಗ ಗೊತ್ತೈತಿ. ಆ ಹುಡುಗಿ ಇದನ್ನ ನೋಡಿದ್ರ ಒಲ್ಲೆ ಅಂತಾಳ. ಆಕೀದೇನು ತಪ್ಪಿಲ್ಲ ಬಿಡು, ಆಕಿ ಜಾಗಾದಾಗ ನಾ ಇದ್ರೂ ಒಲ್ಲೆ ಅಂತಿದ್ದೆ. ಆದ್ರ ನನ್ನ ಸಲುವಾಗಿ ಅವಾ ಒಂಟಿ ಉಳೀಬಾರದು. ನೀ ಒಂದು ಉಪಕಾರ ಮಾಡು. ಆಕಿ ಬಂದಾಗ ನನ್ನ ಮಗ್ಗಲಕ್ಕ ಕೂಡು. ಕೇಳಿದ್ದನ್ನಽ ತಿರುಗಿ ಕೇಳಿದೆ ಅಂದ್ರ, ನನ್ನ ಕೈ ಮೆಲ್ಲಕ ಒತ್ತು. ಸುಮ್ಮನಾಗ್ತೀನಿ."

ಶರ್ವರಿಗೆ ಸಿಟ್ಟು ಬಂತು! ಮುದುಕಿಯ ಮೇಲಲ್ಲ. ಒಂದು ವರ್ಷ! ಎಷ್ಟು ಭಾನುವಾರಗಳು, ಎಷ್ಟು ಮಾತುಗಳು; ಸತ್ತ ದೊರೆಗಳ ವಂಶಾವಳಿಯನ್ನೆಲ್ಲಾ ಬಾಯಿಪಾಠ ಒಪ್ಪಿಸಿದ ಮಹಾಶಯ, ಬದುಕಿರುವ ತಾಯಿಯ ಸಂಗತಿಯನ್ನು ಮಾತ್ರ ನುಂಗಿಕೊಂಡನಲ್ಲ! ಸಿಟ್ಟಿನ ಬೆನ್ನಿಗೇ ಭಯವೂ ಬಂತು, ಅದನ್ನೇಕೆ ಮುಚ್ಚಿಡಲಿ. ಈ ಮಬ್ಬು ದಿನೇ ದಿನೇ ದಟ್ಟವಾಗುವುದೇ ಹೊರತು ತಿಳಿಯಾಗುವುದಿಲ್ಲ. ಇಂದು ದಾರಿ ಮರೆತವರು ನಾಳೆ ಮಗನ ಮುಖ ಮರೆತಾರು. ಆ ಮನೆಯ ಮಧ್ಯಾಹ್ನಗಳು ಹೇಗಿರುತ್ತವೆಂದು ಅವಳು ಊಹಿಸಿಕೊಂಡಳು. ನಿಮ್ಮ ಮಗನನ್ನು ಹುಡುಕೋಣ ಬನ್ನಿ ಎಂದಷ್ಟೇ ಹೇಳಿ, ಅವರನ್ನು ಎಬ್ಬಿಸಿದಳು.

ಹುಡುಕಬೇಕಾಗಲಿಲ್ಲ. ಹೇಮಂತ ಬಾಗಿಲಲ್ಲಿ ನಿಂತಿದ್ದ. ಕೂದಲು ಕೆದರಿತ್ತು, ಅಂಗಿ ಬೆನ್ನಿಗಂಟಿತ್ತು. ತಾಯಿ ಸಿಕ್ಕರೆಂಬ ನೆಮ್ಮದಿ ಮುಖದ ಮೇಲೆ ಮೂಡುವ ಮೊದಲೇ, ಆ ತಾಯಿಯ ಕೈ ಯಾರ ಕೈಯಲ್ಲಿದೆಯೆಂದು ಕಂಡು ಅವನ ಮುಖ ಸುಣ್ಣವಾಯಿತು. ಸುಂದರಾಬಾಯಿಯೇ ಮೊದಲು ಬಾಯಿಬಿಟ್ಟು, ಹುಡುಗಿ ಬಂದಳೇನು ಎಂದು ಮಗನನ್ನು ಕೇಳಿದರು.

ಹೇಮಂತ ಶರ್ವರಿಯನ್ನು ನೋಡಿದ. ಆ ನೋಟದಲ್ಲಿ ಯಾಚನೆಯಿತ್ತು ಎಂದು ನೀವು ಭಾವಿಸಿದರೆ ಅವನಿಗೆ ಅನ್ಯಾಯ ಮಾಡಿದಂತೆ. ಎಲ್ಲ ಗೊತ್ತಾಗಿಹೋಗಿದೆ ಎಂದು ಅವನು ಅರಿತಿದ್ದ. ಮತ್ತು, ಬಹುಶಃ ಆ ವರ್ಷದಲ್ಲಿ ಮೊದಲ ಬಾರಿಗೆ, ತನ್ನ ಭಯಕ್ಕಿಂತ ಅವಳ ಬದುಕನ್ನು ಮುಂದಿಟ್ಟು ಯೋಚಿಸಿದ. ಹೊರಗಿಂದ ಹೊರಗೇ ನೋಡುವ ಆ ಶಾಸ್ತ್ರವನ್ನು ಅವಳ ಕಡೆಗೆ ತಿರುಗಿಸಿ ಹಿಡಿದ. ಅವಳು ನೋಡಿಯಾಗಿದೆ, ಇನ್ನು ಅಪರಿಚಿತಳಂತೆ ಹೊರಟುಹೋಗಬಹುದು. ಯಾರ ಮುಖವೂ ಸಣ್ಣದಾಗುವುದಿಲ್ಲ.

"ಇಲ್ಲವ್ವ," ಎಂದ ಅವನು. "ಆಕಿ ಬಂದಿಲ್ಲ. ಇವರು ಯಾರೋ, ನಿನಗ ಕೈ ಆಸರಾ ಕೊಟ್ಟಾರ. ಇನ್ನ ಅವರಿಗೆ ಹೋಗಾಕ ಬಿಡು."

ಬಾಗಿಲು ತೆರೆದೇ ಇತ್ತು. ಪ್ರವಾಸಿಗರ ಒಂದು ಗುಂಪು ಹೊರಡುತ್ತಿತ್ತು. ಅವರೊಡನೆ ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು, ಮೆಟ್ರೊ, ಮಿಯಾಪುರ, ಒಂಟಿ ಮನೆಯ ನಿಶ್ಚಿಂತೆ, ಎಲ್ಲವೂ ಇತ್ತು. ಶರ್ವರಿ ಆ ಬಾಗಿಲನ್ನು ನೋಡಿದಳು. ಸುಮ್ಮನೆ ಹೊರಟುಹೋದವರ ಕೈಯಲ್ಲಿ ತಾನು ಎಷ್ಟು ಸಲ ನೊಂದಿದ್ದೇನೆಂದು ನೆನೆದಳೋ, ಇಲ್ಲ ಈ ಹೇಡಿಯಾದ ಸಜ್ಜನನನ್ನು ಬಿಟ್ಟರೆ ತನಗೆ ಭಾನುವಾರವೇ ಇಲ್ಲವೆಂದು ನೆನೆದಳೋ, ನಾನು ಹೇಗೆ ಹೇಳಲಿ.

"ಬಂದೀನ್ರಿ," ಎಂದಳು ಸುಂದರಾಬಾಯಿಯ ಕಡೆ ತಿರುಗಿ. "ಆ ಹುಡುಗಿ ನಾನರಿ."

ಮುದುಕಿ ತಟ್ಟನೆ ಕೈ ಎಳೆದುಕೊಂಡರು. ಆ ಮುಖದ ಮೇಲೆ ಹಾದುಹೋದ ನಾಚಿಕೆಯನ್ನು ನೋಡುವುದು ಹೇಮಂತನಿಂದ ಆಗಲಿಲ್ಲ. ಎಲ್ಲಾ ಹೇಳಿಬಿಟ್ಟೆನಲ್ಲ, ಕೆಲಸ ಕೆಡಿಸಿದೆನಲ್ಲ ಎಂದು ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹೇಳಿದ್ದು ಒಳ್ಳೆಯದಾಯಿತು, ನಿಮ್ಮ ಮಗ ಹೇಳಿರಲಿಲ್ಲ ಎಂದು ಶರ್ವರಿ ಆ ಕೈಯನ್ನು ಮತ್ತೆ ಹಿಡಿದಳು. ಹೇಮಂತನಿಗೆ ಮಾತ್ರ ರಿಯಾಯಿತಿ ಸಿಗಲಿಲ್ಲ. ತನಗೆ ಅಂಜಿಕೆಯಾಗಿದೆ ಎಂದು ನೇರವಾಗಿ ಹೇಳಿದಳು; ಇನ್ನು ಮುಂದೆ ಒಳ್ಳೆಯ ಹೊತ್ತು ನೋಡಿ ತನಗೆ ಏನನ್ನೂ ತೋರಿಸಬಾರದು, ಬರುವ ಭಾನುವಾರ ಮಲ್ಕಾಜ್‌ಗಿರಿಗೆ ತಾನು ಮಧ್ಯಾಹ್ನವೇ ಬರುವವಳು, ಸಂಜೆಯ ತನಕ ಇರುವವಳು ಎಂದಳು. ಅವನು ತಲೆಯಾಡಿಸಿದ.

ಬಾಗಿಲಲ್ಲಿ ಶರ್ವರಿಯ ಚೀಲವನ್ನು ಪಡೆದು ಹೊರಗೆ ಬಂದರೆ, ಬೆಳಗಿನಿಂದ ತಡೆದು ನಿಂತಿದ್ದ ಮಳೆ ಕೊನೆಗೂ ಮನಸ್ಸು ಮಾಡಿ ಧಾರಾಕಾರವಾಗಿ ಸುರಿಯುತ್ತಿತ್ತು. ಮೂವರೂ ಮುಖಮಂಟಪದ ಕೆಳಗೆ ನಿಂತರು. ಸುಂದರಾಬಾಯಿ ಮಳೆಯನ್ನು ನೋಡಿದರು, ಆಮೇಲೆ ಪಕ್ಕದಲ್ಲಿ ನಿಂತ ಅಂಜೂರಿ ಸೀರೆಯವಳನ್ನು ನೋಡಿ, ಅಕ್ಕರೆಯಿಂದ, ಮೊಟ್ಟಮೊದಲ ಸಲ ಕಂಡವರಂತೆ, ನಿನ್ನ ಹೆಸರೇನವಾ ಎಂದು ಕೇಳಿದರು. ಅವಳು ಹೇಳಿದಳು. ಚಂದ ಹೆಸರು ಎಂದರು. ಆಟೋ ಸಿಗುವ ಮೊದಲೇ ಮತ್ತೆ ಕೇಳಿದರು. ಹೇಮಂತ ನಾಚಿಕೆಯಿಂದ ಕುಗ್ಗಿ, ಈಗ ತಾನೇ ಹೇಳಿದಳಲ್ಲ ಎಂದು ತಾಯಿಯನ್ನು ತಡೆಯಲು ಬಾಯಿ ತೆರೆದ. ಶರ್ವರಿ ಅವನ ಕೈಯನ್ನು ಮೆಲ್ಲಗೆ ಒತ್ತಿದಳು. ಅವನು ಸುಮ್ಮನಾದ.

"ಶರ್ವರಿ ಅಂತರಿ," ಎಂದಳು, ಮೊದಲ ಸಲ ಹೇಳುವವಳಂತೆ.

ಸಹೃದಯರೆ, ನಮ್ಮವರನ್ನು ಅವರ ಬೆಳಗಿನ ಹೊತ್ತಿನಲ್ಲಷ್ಟೇ ಲೋಕಕ್ಕೆ ತೋರಿಸಬೇಕೆಂಬ ಆಸೆ ಯಾರಿಗಿಲ್ಲ? ಆ ಆಸೆಯಲ್ಲಿ ಪ್ರೀತಿಯೂ ಇದೆ, ಅಳುಕೂ ಇದೆ. ಒಂದನ್ನು ಇನ್ನೊಂದರಿಂದ ಬಿಡಿಸಿ ನೋಡಲು ಆಯುಷ್ಯ ಸಾಲದು... ಮುಂದೆ ಆ ಮನೆಯಲ್ಲಿ ಕಷ್ಟದ ದಿನಗಳು ಬರುತ್ತವೆ, ಶರ್ವರಿ ಕೆಲವೊಮ್ಮೆ ರೇಗುತ್ತಾಳೆ, ಹೇಮಂತ ಕೆಲವೊಮ್ಮೆ ಅಳುತ್ತಾನೆ. ಬರುವುದೇ ಇಲ್ಲವೆಂದು ನಾನು ನಿಮಗೆ ಸುಳ್ಳು ಹೇಳಲಾರೆ. ಆದರೆ ಕೇಳಿದಷ್ಟು ಸಲವೂ ತನ್ನ ಹೆಸರನ್ನು ಹೊಸದಾಗಿ ಹೇಳಿಕೊಳ್ಳುವವಳೊಬ್ಬಳು ಪಕ್ಕದಲ್ಲಿ ನಿಂತಿರುವಾಗ, ಮರೆತುಹೋಗುವ ಭಯ ಮನುಷ್ಯರಿಗೆ ಸ್ವಲ್ಪ ಕಡಿಮೆಯಾಗುತ್ತದೆ. ಆಟೋ ಬಂತು, ಬರುವ ಭಾನುವಾರಕ್ಕೆ ಕಾಯದೆ ಶರ್ವರಿಯೂ ಹತ್ತಿದಳು, ಮೂವರೂ ಒತ್ತಿಕೊಂಡು ಕುಳಿತು, ತಾಯಿಯನ್ನು ನಡುವೆ ಕೂರಿಸಿಕೊಂಡು, ಮಲ್ಕಾಜ್‌ಗಿರಿಯ ಕಡೆಗೆ ಹೊರಟರು.